ಕಾಗೆ ಕಲ್ಲು ಹಾಕಿತು, ನೀರು ಮೇಲೆ ಬರಲಿಲ್ಲ: ಚಿಕ್ಕ ಮಕ್ಕಳಿಗೆ ಕತೆಯ ಮೂಲಕ ವಿಜ್ಞಾನ ಕಲಿಸುವುದು ಹೇಗೆ?

ಶಿರಾ ಸೀಮೆಯ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿಕಲಿ ತರಗತಿ ನಡೆಸುತ್ತೇನೆ. ಒಂದರಿಂದ ಮೂರನೆಯ ತರಗತಿಯವರೆಗಿನ ಇಪ್ಪತ್ತಾರು ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ಕಳೆದ ವಾರ ನಡೆದದ್ದನ್ನು ಸಲಹೆ ಕೇಳುವುದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ನನ್ನ ಮುಜುಗರವೂ ಸ್ವಲ್ಪ ಕಡಿಮೆಯಾದೀತು.

ಬಾಯಾರಿದ ಕಾಗೆಯ ಕತೆಯನ್ನು ಹೇಳಿದೆ. ಮಕ್ಕಳಿಗೆ ಗೊತ್ತಿದ್ದ ಕತೆಯೇ ಆದರೂ ಬಾಯಿಬಿಟ್ಟು ಕೇಳಿದರು. ಕತೆ ಮುಗಿದ ಮೇಲೆ, ಓದಿದ್ದನ್ನು ಮಾಡಿಯೂ ನೋಡಲಿ ಎಂಬ ಉತ್ಸಾಹದಲ್ಲಿ ಉಪ್ಪಿನಕಾಯಿಯ ಹಳೆಯ ಗಾಜಿನ ಜಾಡಿಯೊಂದಕ್ಕೆ ಕಾಲು ಭಾಗ ನೀರು ಹಾಕಿ ಮಧ್ಯದಲ್ಲಿ ಇಟ್ಟೆ. ಶಾಲೆಯ ಪಕ್ಕದಲ್ಲಿ ಯಾರದೋ ಮನೆ ಕಟ್ಟಲು ಸುರಿದಿದ್ದ ಜಲ್ಲಿಯನ್ನು ಮಕ್ಕಳು ಲಂಗದಲ್ಲಿ, ಚಡ್ಡಿಯ ಜೇಬಿನಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಹಾಕಿದರು. ನೀರು ಏರಿತು, ಚಪ್ಪಾಳೆಯೂ ಬಿತ್ತು. ಆದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತದ್ದು ಮುಂದೆ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಜಾಡಿಯ ಬಾಯಿಯವರೆಗೆ ಜಲ್ಲಿ ತುಂಬಿತು, ನೀರು ಕಲ್ಲುಗಳ ಸಂದಿಯಲ್ಲಿ ಕೆಳಗೇ ಉಳಿಯಿತು. ಎರಡನೆಯ ತರಗತಿಯ ಒಬ್ಬ ಹುಡುಗಿ ನನ್ನ ಮುಖವನ್ನೇ ನೋಡಿ, "ಟೀಚರ್, ಹಂಗಾದ್ರೆ ಕತೆ ಸುಳ್ಳಾ?" ಎಂದು ಕೇಳಿದಳು.

ನಾನು ಏನು ಹೇಳಿದೆ ಎಂದರೆ, "ಕೈ ತೊಳೆದುಕೊಳ್ಳಿ, ಬಿಸಿಯೂಟದ ಹೊತ್ತಾಯಿತು" ಎಂದೆ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಏನು ಹೇಳಬೇಕಾಗಿತ್ತು? ಇಷ್ಟು ಚಿಕ್ಕವರಿಗೆ ಕತೆ ಮತ್ತು ಪ್ರಯೋಗಗಳನ್ನು ಬೆರೆಸುವುದೇ ತಪ್ಪೇ?

ಪಿಯು ಭೌತಶಾಸ್ತ್ರ

ಮೇಡಂ, ಮೊದಲಿಗೆ ಒಂದು ಮಾತು. ನಿಮ್ಮ ಪ್ರಯೋಗ ಸೋಲಲಿಲ್ಲ. ಕಾಗೆಯ ಕತೆ ಯಾವಾಗ ನಿಜ, ಯಾವಾಗ ಅಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿದೆ.

ಪಾತ್ರೆಯೊಂದಕ್ಕೆ ಹೆಚ್ಚುಕಡಿಮೆ ಒಂದೇ ಗಾತ್ರದ ಕಲ್ಲುಗಳನ್ನು ತುಂಬಿದರೆ ಅವುಗಳ ನಡುವೆ ಸುಮಾರು ನೂರಕ್ಕೆ ನಲವತ್ತರಷ್ಟು ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಜಾಡಿಯಲ್ಲಿ ಮೊದಲೇ ಇದ್ದ ನೀರು ಈ ಖಾಲಿ ಜಾಗಕ್ಕಿಂತ ಹೆಚ್ಚಾಗಿದ್ದರೆ ಕಲ್ಲು ತುಂಬುವ ಮೊದಲೇ ನೀರು ಬಾಯಿಗೆ ಬರುತ್ತದೆ, ಕಡಿಮೆಯಿದ್ದರೆ ಎಂದಿಗೂ ಬರುವುದಿಲ್ಲ. ನಿಮ್ಮ ಜಾಡಿಯಲ್ಲಿ ಇದ್ದದ್ದು ನೂರಕ್ಕೆ ಇಪ್ಪತ್ತೈದು. ಇಪ್ಪತ್ತೈದನ್ನು ನಲವತ್ತರಿಂದ ಭಾಗಿಸಿ ನೋಡಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ಎಂದು ನೀವು ಬರೆದದ್ದು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಹೂಜಿಯಲ್ಲಿ ಅರ್ಧದಷ್ಟು ನೀರಿದ್ದಿದ್ದರೆ ನಿಮಗೆ ಚಪ್ಪಾಳೆ ಮಾತ್ರ ಸಿಗುತ್ತಿತ್ತು, ಆ ಹುಡುಗಿಯ ಪ್ರಶ್ನೆ ಸಿಗುತ್ತಿರಲಿಲ್ಲ.

ಕಾಗೆಯ ಜಾತಿಯ ಹಕ್ಕಿಗಳು ಕೊಳವೆಯೊಳಗೆ ಕಲ್ಲು ಹಾಕಿ ನೀರಿನ ಮೇಲೆ ತೇಲುತ್ತಿದ್ದ ಹುಳುವನ್ನು ಎತ್ತಿಕೊಂಡದ್ದನ್ನು 2009ರಲ್ಲಿ ಇಂಗ್ಲೆಂಡಿನ ಸಂಶೋಧಕರು ವರದಿ ಮಾಡಿದರು. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಇದೇ ಬಗೆಯ ಸಮಸ್ಯೆಯನ್ನು ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಕೊಟ್ಟಿದ್ದರು. ಎಂಟು ವರ್ಷದವರು ಮೊದಲ ಸಲವೇ ಬಿಡಿಸಿದರು, ಐದರಿಂದ ಏಳು ವರ್ಷದವರು ಹಲವು ಬಾರಿ ಮಾಡಿ ನೋಡಿ ಕಲಿತರು. ನಿಮ್ಮ ತರಗತಿಯ ವಯಸ್ಸು ಸರಿಯಾಗಿ ಇದೇ. ಆದ್ದರಿಂದ ಮತ್ತೊಮ್ಮೆ ಮಾಡಿ, ಆದರೆ ಒಂದು ಜಾಡಿ ಸಾಲದು. ನಾಲ್ಕು ಜಾಡಿಗಳಲ್ಲಿ ನಾಲ್ಕು ಮಟ್ಟದ ನೀರಿಟ್ಟು, ಯಾವ ಹೂಜಿಯ ಕಾಗೆ ನೀರು ಕುಡಿಯುತ್ತದೆ ಎಂದು ಮೊದಲೇ ಕೇಳಿ, ಅವರ ಉತ್ತರಗಳನ್ನು ಹಲಗೆಯ ಮೇಲೆ ಬರೆದಿಟ್ಟು, ಆಮೇಲೆ ಕಲ್ಲು ಹಾಕಿಸಿ.

ಇಬ್ಬರು ಮಕ್ಕಳ ತಾಯಿ

ಚರ್ಚೆ ಚೆನ್ನಾಗಿದೆ, ಆದರೆ ನನಗೊಂದು ಅನುಮಾನವಿದೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ನನ್ನ ಮಗಳಿಗೆ ಆನ್‌ಲೈನ್ ತರಗತಿಯಲ್ಲಿ ಒಂದು ಪ್ರಯೋಗ ತೋರಿಸಿದ್ದರು. ತಟ್ಟೆಯಲ್ಲಿ ನೀರು, ಮೇಲೆ ಕರಿಮೆಣಸಿನ ಪುಡಿ. "ಈ ಪುಡಿಯೇ ವೈರಸ್ ರಾಕ್ಷಸರು, ಸೋಪು ಎಂಬ ವೀರ ಬಂದ ಕೂಡಲೇ ಓಡಿಹೋಗುತ್ತಾರೆ ನೋಡಿ" ಎಂದು ಕತೆ. ಸೋಪು ಹಚ್ಚಿದ ಬೆರಳನ್ನು ಮುಟ್ಟಿಸಿದೊಡನೆ ಪುಡಿ ಅಂಚಿಗೆ ಓಡಿತು, ಮಗಳು ಕುಣಿದಾಡಿದಳು. ಅವಳಿಗೆ ಈಗ ಹತ್ತು ವರ್ಷ. ಇವತ್ತಿಗೂ ವೈರಸ್ಸು ಸೋಪಿಗೆ ಹೆದರಿ ಕೈಯಿಂದ ಓಡಿಹೋಗುತ್ತದೆ ಎಂದೇ ನಂಬಿದ್ದಾಳೆ. ಕತೆ ಮನಸ್ಸಿನಲ್ಲಿ ನಿಂತಿತು ನಿಜ, ಆದರೆ ತಪ್ಪೂ ಅದರ ಜೊತೆಗೇ ನಿಂತುಬಿಟ್ಟಿತಲ್ಲ. ಹೀಗಿರುವಾಗ ಬರೀ ಪ್ರಯೋಗವನ್ನೇ ತೋರಿಸಿದರೆ ಒಳ್ಳೆಯದಲ್ಲವೇ?

ಪಿಯು ಭೌತಶಾಸ್ತ್ರ

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಸೋಪು ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುತ್ತದೆ. ಬೆರಳಿಟ್ಟ ಜಾಗದಲ್ಲಿ ಎಳೆತ ಕುಗ್ಗಿದಾಗ ಸುತ್ತಲಿನ ನೀರಿನ ಬಿಗಿಯಾದ ಮೇಲ್ಪದರ ಹಿಂದಕ್ಕೆ ಸರಿಯುತ್ತದೆ, ಮೆಣಸಿನ ಪುಡಿ ಆ ಪದರದ ಸವಾರನಷ್ಟೇ. ವೈರಸ್ಸಿನ ವಿಷಯದಲ್ಲಿ ಸೋಪಿನ ಕೆಲಸವೇ ಬೇರೆ, ಅದು ಕೊರೊನಾ ವೈರಸ್ಸಿನ ಹೊರಗಿನ ಕೊಬ್ಬಿನ ಪೊರೆಯನ್ನೇ ಒಡೆಯುತ್ತದೆ. ಎರಡಕ್ಕೂ ಒಂದೇ ಕತೆ ಕಟ್ಟಿದ್ದು ಕತೆಯ ದೋಷವಲ್ಲ, ಕತೆಗೆ ಉತ್ತರದ ಹೊರೆಯನ್ನೂ ಹೊರಿಸಿದ್ದರ ದೋಷ ಎಂದು ನನಗೆ ತೋರುತ್ತದೆ.

ಇನ್ನು, ಕತೆಯಿಲ್ಲದ ಪ್ರಯೋಗವೂ ಏನೂ ಶುದ್ಧವಲ್ಲ. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ಹಚ್ಚಿಟ್ಟು ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗ ನಿಮಗೆಲ್ಲ ಗೊತ್ತಿದೆ. ಬತ್ತಿ ಆರುತ್ತದೆ, ನೀರು ಒಳಗೆ ಏರುತ್ತದೆ. "ಆಮ್ಲಜನಕ ಉರಿದುಹೋಯಿತು, ಆ ಜಾಗಕ್ಕೆ ನೀರು ಬಂತು" ಎಂದು ನಮಗೂ ಹೇಳಿಕೊಟ್ಟಿದ್ದರು, ನಾನೂ ಕೆಲವು ವರ್ಷ ಹಾಗೆಯೇ ಹೇಳಿಕೊಟ್ಟೆ. ಒಮ್ಮೆ ಒಬ್ಬ ವಿದ್ಯಾರ್ಥಿ, ನೀರು ಏರುವುದು ಬತ್ತಿ ಉರಿಯುವಾಗ ಅಲ್ಲ, ಬಹುಪಾಲು ಆರಿದ ಮೇಲೆ ಎಂದು ತೋರಿಸಿಕೊಟ್ಟ. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೆ ಬರುತ್ತದೆ, ಲೋಟದೊಳಗಿನ ಆಮ್ಲಜನಕ ಮಾತ್ರ ಅಷ್ಟೇ ಇರುತ್ತದೆ. ನಡೆಯುವುದೇನೆಂದರೆ, ಜ್ವಾಲೆಯ ಕಾವಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗಿರುತ್ತದೆ, ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗಿದಾಗ ಹೊರಗಿನ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಕಣ್ಣೆದುರಿಗೇ ನಡೆಯುವುದನ್ನು ನೋಡುತ್ತಲೇ ನಾವು ತಪ್ಪು ಹೇಳುತ್ತಿದ್ದೆವು.

ಅಂಗನವಾಡಿಯ ಅಕ್ಕ

ನನ್ನ ಹತ್ತಿರ ಬರುವವರು ಮೂರರಿಂದ ಆರು ವರ್ಷದವರು. ಆ ವಯಸ್ಸಿಗೆ ಇಷ್ಟೆಲ್ಲ ವಿವರಣೆ ಬೇಕಾಗುವುದಿಲ್ಲ. ಒಂದೇ ಅಳತೆಯ ಎರಡು ಲೋಟ ನೀರಿನಲ್ಲಿ ಒಂದನ್ನು ಸಣ್ಣ ಬಾಯಿಯ ಉದ್ದನೆಯ ಬಾಟಲಿಗೆ ಸುರಿದರೆ, "ಇದರಲ್ಲೇ ಜಾಸ್ತಿ" ಎಂದು ಎಲ್ಲರೂ ಬಾಟಲಿಯನ್ನೇ ತೋರಿಸುತ್ತಾರೆ. ಪಿಯಾಜೆ ಎಂಬ ವಿದ್ವಾಂಸರು ಇದನ್ನೇ ಬರೆದಿದ್ದಾರೆಂದು ತರಬೇತಿಯಲ್ಲಿ ಹೇಳಿದ್ದರು. ಮಾತಿನಿಂದ ತಿದ್ದಲು ಹೋದರೆ ನನ್ನ ಮರ್ಜಿಗೆ ಹೂಂ ಎನ್ನುತ್ತಾರೆ, ಅಷ್ಟೇ. ನಾನು ತಿದ್ದುವುದಿಲ್ಲ. ದಿನವೂ ಸುರಿದು, ಮತ್ತೆ ಸುರಿದು ಆಡಲು ಬಿಡುತ್ತೇನೆ.

ಒಂದು ಮುಖ್ಯವಾದ ಮಾತು: ಪುಟ್ಟ ಮಗುವಿಗೆ ಅಪಾಯವಾಗಲು ಬಕೆಟ್ಟಿನ ತಳದ ನಾಲ್ಕು ಬೆರಳು ನೀರೂ ಸಾಕು. ನೀರಿನ ಆಟದಲ್ಲಿ ಆಳದ ಬಕೆಟ್ ಇಡಬೇಡಿ, ಅಗಲವಾದ ಬೇಸನ್ ಇಡಿ, ಆಟ ಮುಗಿದ ಕೂಡಲೇ ಚೆಲ್ಲಿಬಿಡಿ, ಒಂದು ಕ್ಷಣವೂ ಕಣ್ಣು ತೆಗೆಯಬೇಡಿ.

ಮಾಲೂರಿನ ನಿವೃತ್ತ ಮೇಷ್ಟ್ರು

ಅಂಗನವಾಡಿಯ ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದೂ ನಾಲ್ಕು ಮಾತು ಇರಲಿ, ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ನಮ್ಮ ಕಡೆ ನೀರಿನ ಪ್ರಯೋಗ ಎಂದರೆ ಮೊದಲ ಪ್ರಶ್ನೆಯೇ ನೀರೆಲ್ಲಿದೆ ಎಂಬುದು. ಕೋಲಾರದ ಮಕ್ಕಳಿಗೆ ನೀರು ಚೆಲ್ಲಿ ಆಡಿ ಎಂದರೆ ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಆದ್ದರಿಂದ ನನ್ನ ತರಗತಿಯಲ್ಲಿ ವಾರಕ್ಕೆ ಎರಡು ಬಿಂದಿಗೆ ನೀರು ಎಂದು ಕಟ್ಟು ಮಾಡಿದ್ದೆ. ಪ್ರಯೋಗ ಮುಗಿದ ಮೇಲೆ ನೀರು ಗಿಡಕ್ಕೆ, ಸೋಪಿನ ನೀರಾದರೆ ನೆಲ ಒರೆಸಲು. ಅಳೆದು ಬಳಸುವುದರಲ್ಲೇ ಅರ್ಧ ಪಾಠ ಆಗಿಹೋಗುತ್ತಿತ್ತು.

ಕತೆಗಂತೂ ಬರವಿರಲಿಲ್ಲ. ನಮ್ಮ ಕೆರೆಗಳಿಗೆಲ್ಲ ಹಿಂದೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಾದರೂ ಜಿನುಗುತ್ತಿದೆಯೇ ಎಂದು ನೋಡುವುದು ಅವನ ಕೆಲಸ. ಮಳೆ ಹೊಡೆಯುತ್ತಿರುವ ರಾತ್ರಿ ನೀರಗಂಟಿ ಕಂದೀಲು ಹಿಡಿದು ಹೊರಟ, ಏರಿಯ ಮೇಲ್ಭಾಗದಲ್ಲಿ ಒಂದು ಕಡೆ, ಬುಡದಲ್ಲಿ ಒಂದು ಕಡೆ ನೀರು ಜಿನುಗುತ್ತಿದೆ, ಅವನ ಬಳಿ ಇರುವುದು ಒಂದೇ ಬುಟ್ಟಿ ಮಣ್ಣು, ಎಲ್ಲಿಗೆ ಮೊದಲು ಓಡಬೇಕು? ಇಷ್ಟಕ್ಕೆ ಕತೆ ನಿಲ್ಲಿಸುತ್ತಿದ್ದೆ. ಮಕ್ಕಳು ಕಿತ್ತಾಡುತ್ತಿದ್ದರು. ಆಗ ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಕೊರೆದು ನೀರು ತುಂಬಿಸುತ್ತಿದ್ದೆ. ಬೆರಳಿನಿಂದ ಮುಚ್ಚಿ ನೋಡಿದರೆ ಕೆಳಗಿನ ತೂತಿನ ಒತ್ತು ಚೆನ್ನಾಗಿ ಗೊತ್ತಾಗುತ್ತದೆ. ಏರಿಯ ಬುಡ ಏಕೆ ಅಗಲ ಎಂದು ಆಮೇಲೆ ಕೇಳಿದರೆ ಅವರೇ ಹೇಳುತ್ತಿದ್ದರು.

ಇಲ್ಲಿಯೂ ಒಂದು ಮೋಸವಿದೆ. ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಹೋಗಿ ಬೀಳುವಂತೆ ಚಿತ್ರ ಬರೆದಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬಾಟಲಿಯನ್ನು ನೆಲದ ಮೇಲೇ ಇಟ್ಟರೆ ದೂರ ಹೋಗುವುದು ನಡುವಿನ ತೂತಿನದು, ಏಕೆಂದರೆ ಕೆಳಗಿನದು ವೇಗವಾಗಿ ಹೊರಟರೂ ನೆಲ ಮುಟ್ಟಲು ಅದಕ್ಕೆ ಹೆಚ್ಚು ಹೊತ್ತಿಲ್ಲ. ಬಾಟಲಿಯನ್ನು ಎತ್ತರದ ಸ್ಟೂಲಿನ ಮೇಲಿಟ್ಟರೆ ಕೆಳಗಿನದು ಗೆಲ್ಲುತ್ತದೆ. ನನಗೆ ಇದನ್ನು ತೋರಿಸಿಕೊಟ್ಟವನು ಪಟ್ಟಿ ಹಿಡಿದು ಅಳೆಯುತ್ತಿದ್ದ ಮೂರನೆಯ ತರಗತಿಯ ಹುಡುಗ. ನಾನು ಅವನ ಪಟ್ಟಿಯೇ ಸರಿಯಿಲ್ಲ ಎಂದು ಮೊದಲು ಗದರಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಹದಿನಾರು ಶಾಲೆಗಳಿಂದ ಶುರುವಾಗಿ 2002ರವರೆಗೆ ನಡೆದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಪಠ್ಯಗಳಲ್ಲಿ ಉತ್ತರಗಳನ್ನೇ ಅಚ್ಚು ಮಾಡಿರಲಿಲ್ಲ. ಮಕ್ಕಳು ಮಾಡಿ, ನೋಡಿ, ವಾದಿಸಿ ಬರೆದುಕೊಳ್ಳಬೇಕಾಗಿತ್ತು. ಅದು ಆರನೆಯ ತರಗತಿಯಿಂದ ಮೇಲಿನವರಿಗೆ. ಚಿಕ್ಕವರಿಗೆ ಅದೇ ಕೆಲಸವನ್ನು ನಡುವೆ ನಿಲ್ಲಿಸಿದ ಕತೆ ಮಾಡುತ್ತದೆ ಎಂದು ನನ್ನ ಅನುಭವ.

ಹಿಂದೆ ಹೊತ್ತು ಅಳೆಯಲು ಬಳಸುತ್ತಿದ್ದ ಗಳಿಗೆ ಬಟ್ಟಲನ್ನೂ ಮಾಡಿಸಿ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಮುಳುಗಲು ಹಿಡಿಯುವ ಹೊತ್ತು ಒಂದು ಗಳಿಗೆ, ಅಂದರೆ 24 ನಿಮಿಷ. ಅರವತ್ತು ಗಳಿಗೆಗೆ ಒಂದು ದಿನ. ನಮಗೆ ತಾಮ್ರದ ಬಟ್ಟಲು ಬೇಡ, ಕಣ್ಣಿರುವ ಕಡೆಯ ತೆಂಗಿನ ಕರಟ ಸಾಕು. ಮೆತ್ತಗಿನ ಕಣ್ಣನ್ನು ತೂತು ಮಾಡಿ, ಮೇಣದಿಂದ ಮುಚ್ಚಿ, ಆ ಮೇಣಕ್ಕೆ ಸೂಜಿ ಚುಚ್ಚಿದರೆ ತೂತು ನಮಗೆ ಬೇಕಾದಷ್ಟೇ ಆಗುತ್ತದೆ. ಜೊತೆಗೆ ಗಣಿತಜ್ಞ ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಮುತ್ತಿನ ಕತೆ ಹೇಳಿ. ಅವಳ ಮದುವೆಯ ಮುಹೂರ್ತ ತಿಳಿಯಲು ಇಂಥದೇ ಬಟ್ಟಲು ತೇಲಿಬಿಟ್ಟಿದ್ದರು. ಬಟ್ಟಲಿನೊಳಗೆ ಬಗ್ಗಿ ನೋಡಿದಳು, ಮುತ್ತು ಉದುರಿ ತೂತಿಗೆ ಅಡ್ಡ ಕೂತಿತು, ಮುಹೂರ್ತ ಮೀರಿಹೋಯಿತು. ಮುತ್ತಿನ ಬದಲು ಒಂದು ಕಾಳು ರಾಗಿ ಹಾಕಿ ನೋಡಿದರೆ ಆಯಿತು.

ಇಬ್ಬರು ಮಕ್ಕಳ ತಾಯಿ

ಮೇಷ್ಟ್ರೇ, ನೀರಗಂಟಿಯ ಕತೆಗೆ ನನ್ನ ಅನುಮಾನ ಅರ್ಧ ಕರಗಿತು. ಆದರೆ ಲೀಲಾವತಿಯ ಕತೆಯನ್ನು ಒಪ್ಪಲಾರೆ. ಮುಹೂರ್ತ ತಪ್ಪಿದ್ದರಿಂದ ಹುಡುಗಿಯ ಬಾಳೇ ಹಾಳಾಯಿತು, ಅವಳನ್ನು ಸಮಾಧಾನಪಡಿಸಲು ತಂದೆ ಗಣಿತ ಬರೆದ ಎಂಬುದನ್ನು ಏಳು ವರ್ಷದ ಹೆಣ್ಣುಮಕ್ಕಳಿಗೆ ವಿಜ್ಞಾನದ ಹೆಸರಿನಲ್ಲಿ ಏಕೆ ಹೇಳಬೇಕು?

ಹಳಗಡತದ ಹುಳು

ಮಾಹಿತಿಗಾಗಿ ಮಾತ್ರ: ಭಾಸ್ಕರಾಚಾರ್ಯರ 'ಲೀಲಾವತಿ' ಎಂಬ ಗಣಿತ ಗ್ರಂಥ ರಚನೆಯಾದದ್ದು 1150ರಲ್ಲಿ. ಮುತ್ತಿನ ಕತೆ ಆ ಗ್ರಂಥದಲ್ಲಿ ಇಲ್ಲ. ಅದು ಕಾಣಿಸಿಕೊಳ್ಳುವುದು ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ನಡುವೆ ನಾನೂರು ವರ್ಷಕ್ಕೂ ಹೆಚ್ಚು ಅಂತರವಿದೆ. ಆದ್ದರಿಂದ ಇದನ್ನು ಇತಿಹಾಸವೆಂದು ಹೇಳಬಾರದು, ಕತೆಯೆಂದು ಹೇಳಲು ಅಡ್ಡಿಯಿಲ್ಲ.

ತಾಯಿಯವರ ಆಕ್ಷೇಪಕ್ಕೆ ನನ್ನ ಬಳಿ ಬೇರೊಂದು ಕತೆ ಇದೆ, ಇದು ನಿಜವಾಗಿ ನಡೆದದ್ದು. ಜರ್ಮನಿಯ ಬ್ರೌನ್‌ಷ್ವೈಗ್ ಎಂಬ ಊರಿನಲ್ಲಿ ಆಗ್ನೆಸ್ ಪೊಕೆಲ್ಸ್ ಎಂಬ ಹೆಣ್ಣುಮಗಳಿದ್ದಳು, ಹುಟ್ಟಿದ್ದು 1862ರಲ್ಲಿ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಮ್ಮ ಭೌತಶಾಸ್ತ್ರ ಓದಲು ಹೋದ, ಇವಳು ಮನೆಯಲ್ಲಿ ಕಾಯಿಲೆಯ ತಂದೆತಾಯಿಯನ್ನು ನೋಡಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ತೊಳೆಯುವ ನೀರಿನ ಮೇಲೆ ಜಿಡ್ಡು, ಸೋಪು ಬಿದ್ದಾಗ ಮೇಲ್ಮೈ ಬದಲಾಗುವುದನ್ನು ಗಮನಿಸಿ, ತಗಡಿನ ಒಂದು ತೊಟ್ಟಿ ಮತ್ತು ಬಟ್ಟೆಗೆ ಹಾಕುವ ಒಂದು ಗುಂಡಿಯನ್ನು ಬಳಸಿ ನೀರಿನ ಎಳೆತವನ್ನು ಅಳೆಯುವ ಸಾಧನ ಮಾಡಿದಳು. ವರ್ಷಗಟ್ಟಲೆ ಅಳೆದದ್ದನ್ನು 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರಿಗೆ ಪತ್ರದಲ್ಲಿ ಬರೆದಳು. ಅವರು ಅದನ್ನು 'ನೇಚರ್' ಪತ್ರಿಕೆಗೆ ಕಳುಹಿಸಿ ಪ್ರಕಟವಾಗುವಂತೆ ಮಾಡಿದರು. ಈ ಕತೆ ಹೇಳಿ ಮೆಣಸಿನ ಪುಡಿಯ ತಟ್ಟೆ ಇಟ್ಟರೆ ರಾಕ್ಷಸರೂ ಬೇಡ, ವೀರರೂ ಬೇಡ.

ಮಿನೆಸೋಟದ ಕನ್ನಡಿಗ

ನಮ್ಮ ಮಕ್ಕಳ ಭಾನುವಾರದ ಕನ್ನಡ ತರಗತಿಯಲ್ಲಿ ಇದನ್ನೇ ಮಾಡಲು ನೋಡುತ್ತಿದ್ದೇವೆ, ಆದ್ದರಿಂದ ಇಲ್ಲಿನದೊಂದು ಸೇರಿಸುತ್ತೇನೆ. ಚಳಿಗಾಲದಲ್ಲಿ ಇಲ್ಲಿನ ಕೆರೆಗಳು ಮೇಲಿನಿಂದ ಹೆಪ್ಪುಗಟ್ಟುತ್ತವೆ, ಮಕ್ಕಳು ಅದರ ಮೇಲೆ ನಡೆದಾಡುತ್ತಾರೆ. "ಕೆಳಗಿನ ಮೀನು ಏನು ಮಾಡುತ್ತಿದೆ?" ಎಂದು ಒಂದು ಮೀನಿನ ಕತೆ ಆರಂಭಿಸಿ ಬಿಟ್ಟೆ. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ, ಆದ್ದರಿಂದ ಆ ನೀರು ತಳದಲ್ಲಿ ಉಳಿದು ಮೀನು ಬದುಕುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಬಾಟಲಿಗೆ ಅಂಚಿನವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ರಾತ್ರಿಯಿಡೀ ಹೊರಗಿಟ್ಟೆವು. ಬೆಳಗ್ಗೆ ಮಂಜುಗಡ್ಡೆ ಟೋಪಿಯಂತೆ ಬಾಯಿಯಿಂದ ಹೊರಗೆ ಬಂದಿತ್ತು. ನೀರು ಗಟ್ಟಿಯಾದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಗಾಜಿನ ಬಾಟಲಿ ಬೇಡ, ಒಡೆಯುತ್ತದೆ. ಊರಿನಲ್ಲಿ ಫ್ರೀಜರ್ ಸಾಕು.

ಕನ್ನಡದ ವಿಷಯದಲ್ಲೂ ಲಾಭವಾಯಿತು. ತೇಲು, ಮುಳುಗು, ಜಿನುಗು, ಹೆಪ್ಪುಗಟ್ಟು, ತುಳುಕು ಎಂಬ ಪದಗಳನ್ನು ಪಟ್ಟಿ ಕೊಟ್ಟು ಕಲಿಸಿದಾಗ ಒಂದೂ ನಿಂತಿರಲಿಲ್ಲ.

ಶಿರಾ ಸೀಮೆಯ ಟೀಚರ್

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಋಣಿ.

ನಾಲ್ಕು ಜಾಡಿ ಇಟ್ಟೆವು. ಈ ಸಲ ಕತೆಯನ್ನು ಕಾಗೆ ಮೊದಲ ಕಲ್ಲನ್ನು ಕೊಕ್ಕಿನಲ್ಲಿ ಎತ್ತಿಕೊಂಡ ಕಡೆಗೇ ನಿಲ್ಲಿಸಿದೆ. ಯಾವ ಕಾಗೆ ಕುಡಿಯುತ್ತದೆ ಎಂದು ಕೇಳಿದಾಗ ಚಿಕ್ಕವರು ನಾಲ್ಕೂ ಎಂದರು. ಹೋದ ಸಲದ್ದನ್ನು ನೆನಪಿಟ್ಟುಕೊಂಡವರು ಒಂದೂ ಇಲ್ಲ ಎಂದರು, ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅರ್ಧ ಮತ್ತು ಮುಕ್ಕಾಲು ನೀರಿದ್ದ ಜಾಡಿಗಳು ತುಂಬಿದವು. ಮೂರನೆಯ ಒಂದು ಪಾಲು ನೀರಿದ್ದದ್ದು ಮುಕ್ಕಾಲಿನ ಹತ್ತಿರ ನಿಂತಿತು. ಕಾಲು ಭಾಗದ್ದು ಹಿಂದಿನಂತೆಯೇ. ಕತೆ ಸುಳ್ಳೇ ಎಂದು ಕೇಳಿದ್ದ ಹುಡುಗಿಯನ್ನು ಕರೆದು, "ನೀನು ಹೋದ ವಾರ ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ" ಎಂದು ಎಲ್ಲರ ಎದುರಿಗೆ ಹೇಳಿದೆ. ಅವಳಿಗೆ ನನ್ನ ಮಾತಿಗಿಂತ ಜಾಡಿಯ ಮೇಲೇ ಗಮನ. ಸಂದಿಯಲ್ಲಿ ಬೆರಳು ತೂರಿಸಲು ನೋಡಿ, ಹೊರಗೆ ಓಡಿಹೋಗಿ ಎರಡು ಹಿಡಿ ಮರಳು ತಂದು ಜಲ್ಲಿಯ ಮೇಲೆ ಸುರಿದಳು. ಮರಳು ಸಂದಿಗಳೊಳಗೆ ಇಳಿಯಿತು, ನೀರು ಏರಿತು. ಇನ್ನೂ ನಾಲ್ಕೈದು ಹಿಡಿ ಸುರಿದಾಗ ಬಾಯಿಯ ಹತ್ತಿರಕ್ಕೇ ಬಂತು. ನನಗೆ ಇದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಒಂದನೆಯ ತರಗತಿಯ ಹುಡುಗನೊಬ್ಬ ಜಾಡಿಗೆ ಮೂಗು ತಾಗಿಸಿ, "ರಾಡಿ ಐತೆ, ಕಾಗೆ ಕುಡಿಯಲ್ಲ" ಎಂದ. ಕುಡಿಯುತ್ತದೆ, ಕುಡಿಯುವುದಿಲ್ಲ ಎಂದು ಜಗಳ ಹತ್ತಿತು. ಜಾಡಿಯನ್ನು ಹಾಗೆಯೇ ಕಿಟಕಿಯ ಮೇಲಿಟ್ಟು ಮನೆಗೆ ಹೋದೆವು. ಮರುದಿನ ನಾನು ಬೀಗ ತೆಗೆಯುವ ಮೊದಲೇ ಏಳೆಂಟು ಮಕ್ಕಳು ಹೊರಗಿನಿಂದ ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದರು. ಮರಳಿನ ಮೇಲೆ ಒಂದು ಬೆರಳಿನಷ್ಟು ತಿಳಿನೀರು ನಿಂತಿತ್ತು. "ಅಷ್ಟೊತ್ತು ಕಾಗೆ ಕಾಯ್ತಿತ್ತಾ ಟೀಚರ್?" ಎಂದು ಅದೇ ಹುಡುಗ ಕೇಳಿದ.